ಯೋಮಾವಾರಿ ಆಡೋರಿಗೆ: ಓಡೋಕ್ ಮುಂಚೆ ನೋಡೋದನ್ನ ಕಲೀರಿ

ಹಾರರ್ ಗೇಮ್ ಅಂದ್ರೆ ಗನ್ನು, ಜಾಂಬಿ, ಕತ್ತಲಿಂದ ಕಿರ್ಚ್ಕೊಂಡು ಮುಖಕ್ಕೆ ಹಾರೋ ದೆವ್ವ ಅಷ್ಟೇ ಅನ್ಕೊಂಡಿರೋರು ಒಂದ್ಸಲ 'ಯೋಮಾವಾರಿ: ನೈಟ್ ಅಲೋನ್' ಆಡಿ ನೋಡ್ಬೇಕು. ಜಪಾನಿನ ನಿಪ್ಪಾನ್ ಇಚಿ ಸಾಫ್ಟ್‌ವೇರ್ ಕಂಪನಿ 2015ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ ವೀಟಾ ಅನ್ನೋ ಕೈಯಲ್ಲಿ ಹಿಡ್ಕೊಂಡು ಆಡೋ ಕನ್ಸೋಲ್‌ಗೆ ಅಂತ ಬಿಟ್ಟ ಗೇಮ್ ಇದು, ಮಾರನೇ ವರ್ಷ ಅಕ್ಟೋಬರ್‌ಗೆ ಇಂಗ್ಲಿಷ್‌ನಲ್ಲಿ ವೀಟಾಗೂ ಪಿಸಿಗೂ ಬಂತು. ಕಥೆ ಒಂದು ಸಾಧಾರಣ ಜಪಾನಿ ಊರಲ್ಲಿ ನಡಿಯತ್ತೆ. ತಲೆಗೆ ಕೆಂಪು ರಿಬ್ಬನ್ ಕಟ್ಕೊಂಡಿರೋ ಒಂದು ಪುಟ್ಟ ಹುಡುಗಿ, ಅವಳ ನಾಯಿ ಪೊರೊ ಕಾಣೆ, ನಾಯಿ ಹುಡುಕೋಕೆ ಅಂತ ಹೋದ ಅಕ್ಕನೂ ವಾಪಸ್ ಬರಲಿಲ್ಲ, ಈಗ ಹುಡುಗಿ ಕೈಯಲ್ಲೊಂದು ಟಾರ್ಚ್ ಹಿಡ್ಕೊಂಡು ರಾತ್ರಿ ಒಬ್ಳೇ ಬೀದಿಗೆ ಇಳೀತಾಳೆ. ಆ ಊರಿನ ಬೀದಿಗಳಲ್ಲಿ ರಾತ್ರಿ ಹೊತ್ತು ಮನುಷ್ಯರು ಇರಲ್ಲ, ಬೇರೆಯವ್ರು ಇರ್ತಾರೆ.

ಅವಳ ಹತ್ರ ಆಯುಧ ಅಂತ ಏನೂ ಇಲ್ಲ. ಹೊಡೆಯೋ ಬಟನ್ನೇ ಇಲ್ಲ. ಯಾವುದಾದ್ರೂ ಒಂದು ಮುಟ್ಟಿದ್ರೆ ಸಾಕು, ಸ್ಕ್ರೀನ್ ತುಂಬ ರಕ್ತ ಚಿಮ್ಮಿ ಕಥೆ ಮುಗೀತು. ಹಾಗಾಗಿ ಆಕ್ಷನ್ ಗೇಮ್ ಆಡಿ ಅಭ್ಯಾಸ ಇರೋರು ಇದಕ್ಕೆ ಬಂದು ಮೊದಲ ಅರ್ಧ ಗಂಟೆಲೇ ಸಾಲಾಗಿ ಸಾಯ್ತಾರೆ, ಸತ್ತು ಸತ್ತು ಬೇಜಾರಾಗಿ ಬಿಟ್ಟು ಹೋಗ್ತಾರೆ, ಅದು ನಂಗೆ ನಿಜವಾಗ್ಲೂ ಬೇಸರ ತರೋ ವಿಷ್ಯ, ಯಾಕಂದ್ರೆ ಈ ಗೇಮ್ ಕೇಳೋದು ಬೆರಳಿನ ಸ್ಪೀಡನ್ನಲ್ಲ, ಗಮನವನ್ನ. ಪ್ರತಿಯೊಂದು ದೆವ್ವಕ್ಕೂ ಅದರದ್ದೇ ಒಂದು ಕಟ್ಟುಪಾಡು ಇದೆ, ಅದನ್ನ ಕಂಡುಹಿಡಿಯೋದೇ ಆಟ. ಜಪಾನಿನ ಹಳೇ ದೆವ್ವದ ಕಥೆಗಳೂ ಹಾಗೇ ಅಲ್ವಾ, ಇಂಥ ಹೊತ್ತಲ್ಲಿ ಇಂಥ ಜಾಗಕ್ಕೆ ಹೋಗ್ಬೇಡ, ಇದು ಕೇಳಿದ್ರೆ ಹೀಗೆ ಉತ್ರ ಕೊಡು, ಹಿಂದೆ ತಿರುಗಬೇಡ ಅಂತ. ಗೊತ್ತಿದ್ದೋನು ಉಳೀತಾನೆ. ಅದಕ್ಕೇ ಈ ಗೈಡಲ್ಲಿ ಬಟನ್ ಬಗ್ಗೆ ಕಮ್ಮಿ, ದೆವ್ವಗಳನ್ನ ಓದೋದು ಹೇಗೆ ಅನ್ನೋದ್ರ ಬಗ್ಗೆ ಜಾಸ್ತಿ ಬರೀತೀನಿ. ಕಥೆ ಹೇಗೆ ಮುಗಿಯತ್ತೆ ಅಂತ ಹೇಳಲ್ಲ, ಧೈರ್ಯವಾಗಿ ಓದಿ.

ಮೊದಲು: ಶುರು ಮಾಡೋಕ್ ಮುಂಚೆ

ಈಗ ಆಡೋರಿಗೆ ಎರಡು ದಾರಿ ಇದೆ. ಪಿಸಿ ಇದ್ರೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ತಗೊಳ್ಳಿ, ಮೇಲಿಂದ ನೋಡೋ ಥರದ 2ಡಿ ಗೇಮ್ ಆಗಿರೋದ್ರಿಂದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತೇನಿಲ್ಲ. ನಿಂಟೆಂಡೊ ಸ್ವಿಚ್ ಇರೋರಿಗೆ 2018ರಲ್ಲಿ 'ಲಾಂಗ್ ನೈಟ್ ಕಲೆಕ್ಷನ್' ಅಂತ ಮೊದಲ ಎರಡು ಭಾಗ ಸೇರಿಸಿ ಬಂದಿದೆ. ಪಿಸಿಲಿ ಆಡೋದಾದ್ರೂ ಕಂಟ್ರೋಲರ್ ಇದ್ರೆ ಹಾಕ್ಕೊಳ್ಳಿ.

ಹೆಡ್‌ಫೋನ್ ಮಾತ್ರ ಕಡ್ಡಾಯ, ಇದ್ರಲ್ಲಿ ರಾಜಿ ಬೇಡ. ಬೀದೀಲಿ ನಡೀವಾಗ ಹಿನ್ನೆಲೆ ಸಂಗೀತ ಅನ್ನೋದು ಹೆಚ್ಚುಕಮ್ಮಿ ಇರೋದೇ ಇಲ್ಲ. ಹುಳಗಳ ಸದ್ದು, ಬೀದಿ ದೀಪದ ಗುಂಯ್ ಅನ್ನೋ ಸದ್ದು, ಚಪ್ಪಲಿ ಸದ್ದು, ಅವಳ ಎದೆಬಡಿತ, ಇಷ್ಟೇ. ಈ ಎದೆಬಡಿತನೇ ನಿಮ್ಮ ರೇಡಾರು. ಹತ್ರದಲ್ಲಿ ಏನೋ ಇದೆ ಅಂದ್ರೆ ಅದು ಕಣ್ಣಿಗೆ ಕಾಣೋಕ್ ಮುಂಚೆನೇ ಬಡಿತ ಜೋರಾಗತ್ತೆ. ಫೋನ್ ಸ್ಪೀಕರ್‌ನಲ್ಲಿ ಹಾಡು ಹಾಕ್ಕೊಂಡು ಆಡಿದ್ರೆ ಗೇಮ್ ಕೊಡೋ ಅರ್ಧ ಮಾಹಿತಿನ ನೀವೇ ಎಸ್ದಂಗೆ.

ಇನ್ನೊಂದು ಮಾತು, ಇದು ಸೀರಿಯಸ್ಸಾಗಿ ಹೇಳ್ತಿರೋದು. ಪಾತ್ರಗಳೆಲ್ಲ ಮುದ್ದಾಗಿ, ಮಕ್ಕಳ ಚಿತ್ರಪುಸ್ತಕದ ಥರ ಇವೆ ಅಂತ ಚಿಕ್ಕ ಮಕ್ಕಳ ಕೈಗೆ ಕೊಡ್ಬೇಡಿ. ಆರಂಭದ ಕೆಲವೇ ನಿಮಿಷದಲ್ಲಿ ಸಾಕುನಾಯಿಗೆ ಸಂಬಂಧಪಟ್ಟ ಒಂದು ಘಟನೆ ಬರತ್ತೆ, ದೊಡ್ಡವರಿಗೇ ಹೊಟ್ಟೆ ಕಲಕತ್ತೆ. ಮನೇಲಿ ನಾಯಿ ಕಳ್ಕೊಂಡು ಇನ್ನೂ ನೋವಲ್ಲಿರೋರು ಯೋಚ್ನೆ ಮಾಡಿ ಶುರು ಮಾಡಿ.

ಎರಡನೇದು: ಮೂರು ಥರದ ನಡಿಗೆ

ಹುಡುಗಿಗೆ ಮೂರು ಸ್ಪೀಡ್ ಇದೆ, ಮಾಮೂಲಿ ನಡಿಗೆ, ತುದಿಗಾಲಿನ ನಡಿಗೆ, ಓಟ. ಬಹಳ ಜನ ಓಟದ ಬಟನ್ ಒತ್ತಿ ಹಿಡ್ಕೊಂಡೇ ಊರೆಲ್ಲ ಸುತ್ತುತಾರೆ, ಅಪಾಯ ಇಲ್ಲದ ಕಡೆ ಅದು ನಡೆಯತ್ತೆ, ಆದ್ರೆ ದೆವ್ವ ಹತ್ರ ಇದ್ದಾಗ ಹೆದರಿಕೆಗೆ ಅವಳ ಉಸಿರು ಬೇಗ ಖಾಲಿ ಆಗತ್ತೆ. ಕೆಳಗೆ ಕಾಣೋ ಸ್ಟ್ಯಾಮಿನಾ ಪಟ್ಟಿ ಸರ್ರಂತ ಇಳಿಯತ್ತೆ, ಅದು ಮುಗಿದ ಮೇಲೆ ಅವಳು ಏದುಸಿರು ಬಿಡ್ತಾ ಕಾಲೆಳೀತಾಳೆ, ಅಷ್ಟ್ರಲ್ಲಿ ಹಿಂದಿನದು ಬಂದು ಮುಟ್ಟಿರತ್ತೆ. ಗೇಮಿನ ಅತಿ ಒಳ್ಳೆ ಐಡಿಯಾಗಳಲ್ಲಿ ಇದೊಂದು ಅಂತ ನನ್ನ ಅನಿಸಿಕೆ, ಭಯ ಅನ್ನೋದು ಬರೀ ಆಡೋರ ಮನಸ್ಸಲ್ಲಿ ಉಳಿಯಲ್ಲ, ಆ ಮಗು ಮೈಯಲ್ಲೂ ಇದೆ.

ಹಾಗಾಗಿ ಅಭ್ಯಾಸ ಹೀಗೆ ಮಾಡ್ಕೊಳ್ಳಿ. ಹೊಸ ಬೀದಿ ಅಂದ್ರೆ ಮಾಮೂಲಿ ನಡಿಗೆ. ತಿರುವು ಬಂತಾ, ಎದೆಬಡಿತ ಏರ್ತಾ, ಅಲ್ಲೇ ನಿಂತ್ಕೊಳ್ಳಿ. ಓಟವನ್ನ ಉಳಿಸಿಟ್ಕೊಳ್ಳಿ, ಅದು ತಪ್ಪಿಸ್ಕೊಳ್ಳೋ ಕೊನೇ ಹತ್ತು ಹೆಜ್ಜೆಗೆ. ತುದಿಗಾಲಿನ ನಡಿಗೆ ತುಂಬ ನಿಧಾನ, ಆದ್ರೆ ಸದ್ದಿಗೆ ಬೆನ್ನತ್ತೋ ಜಾತಿಯ ಮುಂದೆ ಅದೊಂದೇ ದಾರಿ.

ಮೂರನೇದು: ದೆವ್ವನ ಓದೋದು

ಇದೇ ಮುಖ್ಯ ಪಾಠ. ಹೊಸದೊಂದು ಎದುರಾದ ತಕ್ಷಣ ಅದನ್ನ ದಾಟೋ ಪ್ರಯತ್ನ ಮಾಡ್ಬೇಡಿ. ದೂರದಲ್ಲಿ ನಿಂತು ಮೂರು ಪ್ರಶ್ನೆ ಕೇಳ್ಕೊಳ್ಳಿ: ಇದು ನನ್ನನ್ನ ನೋಡಿ ಬರ್ತಿದ್ಯಾ, ಕೇಳಿ ಬರ್ತಿದ್ಯಾ, ಅಥ್ವಾ ನಾನಿದ್ರೂ ಇಲ್ದಿದ್ರೂ ತನ್ನ ದಾರೀಲಿ ತಾನು ಹೋಗ್ತಿದ್ಯಾ?

ತನ್ನ ದಾರೀಲಿ ಹೋಗೋವು ಸುಲಭ. ಒಂದೇ ಬೀದೀಲಿ ಆ ಕಡೆಯಿಂದ ಈ ಕಡೆ ಓಡಾಡ್ತಾ ಇರ್ತವೆ, ಒಂದೆರಡು ಸುತ್ತು ನೋಡಿದ್ರೆ ಲೆಕ್ಕ ಸಿಗತ್ತೆ, ಅದು ಬೆನ್ನು ತಿರುಗಿಸಿದಾಗ ಪಕ್ಕದ ಓಣಿಗೆ ಸೇರ್ಕೊಂಡ್ರಾಯ್ತು. ಕಂಡ ತಕ್ಷಣ ನೇರವಾಗಿ ನುಗ್ಗೋವು ನೋಡೋಕೆ ಭಯಂಕರ, ಆದ್ರೆ ಅವಕ್ಕೆ ತಿರುಗೋದು ಕಷ್ಟ, ಅವು ನುಗ್ಗೋವರೆಗೂ ಕಾದು ಪಕ್ಕಕ್ಕೆ ಸರಿದ್ರೆ ಮುಂದಕ್ಕೆ ಹೋಗ್ಬಿಡ್ತವೆ. ಮುಂಚೆನೇ ಗಾಬರಿಯಾಗಿ ಅದೇ ದಿಕ್ಕಲ್ಲಿ ನೇರ ಓಡಿದ್ರೆ ಮಾತ್ರ ಸಿಕ್ಕಾಕ್ಕೊಳ್ತೀರಾ.

ಟಾರ್ಚಿನ ಬೆಳಕು ಬಿದ್ರೆ ಮಾತ್ರ ಕಾಣೋವು ಇವೆ, ಇವು ನಂಗೆ ಎಲ್ಲಕ್ಕಿಂತ ಇಷ್ಟ. ಖಾಲಿ ಬೀದಿ ಅನ್ಕೊಂಡು ಆರಾಮಾಗಿ ಹೋಗ್ತಿರ್ತೀರಿ, ಎದೆಬಡಿತ ಮಾತ್ರ ಏರ್ತಾ ಇರತ್ತೆ, ಎಲ್ಲೂ ಏನೂ ಇಲ್ಲ. ಟಾರ್ಚನ್ನ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿ ನೋಡಿ. ಬೆಳಕಿನ ಅಂಚಿಗೆ ಒಂದು ಕರೀ ನೆರಳಿನ ಆಕಾರ ತಾಗತ್ತೆ, ಅದಾಗ್ಲೇ ನಿಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿರತ್ತೆ. ಅದಕ್ಕೇ ಬೆಳಕನ್ನ ಮುಂದಕ್ಕೊಂದೇ ಹಿಡ್ಕೊಂಡು ಹೋಗೋದು ಸಾಲದು, ಬಡಿತ ಏರಿದಾಗೆಲ್ಲ ಒಂದು ಸುತ್ತು ನೋಡ್ಬೇಕು. ಇದಕ್ಕೆ ತದ್ವಿರುದ್ಧವಾಗಿ ಬೆಳಕು ಬಿದ್ರೇನೇ ಕೆರಳೋವೂ ಇವೆ, ಹಾಗಾಗಿ ಟಾರ್ಚ್ ಆರ್ಸಿ ಕತ್ತಲಲ್ಲಿ ನಡಿಯೋ ಧೈರ್ಯನೂ ಬೇಕಾಗತ್ತೆ. ಯಾವುದಕ್ಕೆ ಬೆಳಕು, ಯಾವುದಕ್ಕೆ ಕತ್ತಲು ಅಂತ ನಾನಿಲ್ಲಿ ಪಟ್ಟಿ ಕೊಟ್ಬಿಟ್ರೆ ಆಟದ ಜೀವನೇ ಹೋಗತ್ತೆ. ಒಂದ್ಸಲ ಸತ್ತು ತಿಳ್ಕೊಳ್ಳೋದ್ರಲ್ಲಿ ನಷ್ಟ ಏನಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಈ ಥರದ ಕಟ್ಟುಪಾಡು ಗೇಮ್ ಮಾಡಿದೋರು ಗಾಳೀಲಿ ಹುಟ್ಟಿಸಿದ್ದಲ್ಲ. ಜಪಾನಲ್ಲಿ 1979ರಲ್ಲಿ ಬಾಯಿ ಸೀಳಿದ ಹೆಂಗಸಿನ ಪುಕಾರು ದೇಶದ ತುಂಬ ಹಬ್ಬಿತ್ತು, ಕುಚಿಸಾಕೆ-ಒನ್ನಾ ಅಂತಾರೆ ಅವಳನ್ನ, ಬಾಯಿಗೆ ಮಾಸ್ಕ್ ಹಾಕ್ಕೊಂಡು ದಾರೀಲಿ ಮಕ್ಕಳನ್ನ ನಿಲ್ಸಿ 'ನಾನು ಚೆನ್ನಾಗಿದೀನಾ' ಅಂತ ಕೇಳ್ತಾಳೆ ಅಂತ. ಮಕ್ಕಳು ಗುಂಪಾಗಿ ಮನೆಗೆ ಹೋಗೋ ಪರಿಸ್ಥಿತಿ ಬಂದಿತ್ತು. ಆ ಕಥೆ ಜೊತೆಗೇ ತಪ್ಪಿಸ್ಕೊಳ್ಳೋ ಉಪಾಯಗಳೂ ಹಬ್ಬಿದ್ವು, ಹೌದು ಅಂತಾನೂ ಇಲ್ಲ ಅಂತಾನೂ ಹೇಳ್ದೆ 'ಪರ್ವಾಗಿಲ್ಲ' ಅಂದ್ರೆ ಅವಳು ಗೊಂದಲಕ್ಕೆ ಬೀಳ್ತಾಳೆ, ಪೊಮೇಡ್ ಅಂತ ಕೂದಲಿಗೆ ಹಚ್ಚೋ ಎಣ್ಣೆ ಹೆಸರು ಹೇಳಿದ್ರೆ ಓಡಿಹೋಗ್ತಾಳೆ, ಕ್ಯಾಂಡಿ ಎಸೆದ್ರೆ ಆರಿಸ್ಕೊಳ್ತಾ ನಿಲ್ತಾಳೆ ಅಂತ. ಮಕ್ಕಳು ಶಾಲೇಲಿ ಒಬ್ಬರಿಗೊಬ್ಬರು ಹೇಳಿಕೊಟ್ಟ ಗೈಡ್ ಅದು. ಯೋಮಾವಾರಿ ಆಡೋವಾಗ ನೀವು ಮನಸ್ಸಲ್ಲಿ ಕಟ್ಕೊಳ್ಳೋದೂ ಅದನ್ನೇ.

ನಾಲ್ಕನೇದು: ಪೊದೆ ಒಳಗೆ

ಓಡೋಕಾಗಲ್ಲ, ದಾಟೋಕಾಗಲ್ಲ, ಆಗ ಬಚ್ಚಿಟ್ಕೊಳ್ಳಿ. ಊರಲ್ಲಿ ಅಲ್ಲಲ್ಲಿ ಪೊದೆ ಇದೆ, ಅಂಗಡಿ ಬೋರ್ಡುಗಳಿವೆ, ಹತ್ರ ಹೋಗಿ ಬಟನ್ ಒತ್ತಿದ್ರೆ ಹುಡುಗಿ ಅದರ ಹಿಂದೆ ಮುದುರ್ಕೊಂಡು ಕೂರ್ತಾಳೆ.

ಆಗ ಏನಾಗತ್ತೆ ಅಂದ್ರೆ ಸ್ಕ್ರೀನ್ ಪೂರ್ತಿ ಕಪ್ಪಾಗತ್ತೆ. ಅವಳು ಕಣ್ಣು ಮುಚ್ಕೊಂಡ್ಬಿಟ್ಟಿದಾಳೆ. ಕಪ್ಪಿನ ಮಧ್ಯೆ ಅವಳು, ಸುತ್ತ ಕೆಂಪು ಮಬ್ಬು ಮಬ್ಬಾಗಿ ಹೊರಗಿರೋದು ಎಲ್ಲಿದೆ ಅನ್ನೋ ಸುಳಿವು ಮಾತ್ರ. ಆ ಕೆಂಪು ಬಲಗಡೆಯಿಂದ ಹತ್ರ ಬರತ್ತೆ, ಢವ ಢವ ಅನ್ನೋದು ಜೋರಾಗತ್ತೆ, ಪೊದೆ ಪಕ್ಕಕ್ಕೇ ಬಂದು ನಿಲ್ಲತ್ತೆ. ಅಲ್ಲೇ ಇರತ್ತೆ. ಹೋಯ್ತು ಅನ್ಕೊಳ್ಳೋ ಹೊತ್ತಿಗೆ ಇನ್ನೊಂದ್ಸಲ ತಿರುಗಿ ಬರತ್ತೆ. ಇಲ್ಲಿ ಮಾಡ್ಬೇಕಾದ ಕೆಲಸ ಒಂದೇ, ಕೈ ಬಟನ್ ಮೇಲಿಂದ ತೆಗೆದು ಸುಮ್ನೆ ಕೂರೋದು. ಕೆಂಪು ಮಾಸ್ತಾ ಬಂದು, ಬಡಿತ ಮಾಮೂಲಿಗೆ ಇಳಿದು, ಅದಾದ್ ಮೇಲೂ ಎರಡು ಉಸಿರು ಎಳ್ಕೊಳ್ಳೋಷ್ಟು ಕಾದು ಆಮೇಲೆ ಎದ್ದೇಳಿ. ಎದ್ದ ತಕ್ಷಣ ಓಡ್ಬೇಡಿ, ಯಾವ ದಿಕ್ಕಿಗೆ ಹೋಯ್ತು ಅಂತ ನೋಡ್ಕೊಂಡು ಅದರ ಉಲ್ಟಾ ದಿಕ್ಕಿಗೆ ಹೊರಡಿ.

ಹೊಸ ಏರಿಯಾಗೆ ಕಾಲಿಟ್ಟಾಗ್ಲೇ ಪೊದೆ ಎಲ್ಲೆಲ್ಲಿದೆ ಅಂತ ಗಮನಿಸ್ಕೊಂಡಿರ್ಬೇಕು. ದೆವ್ವ ಬೆನ್ನು ಹತ್ತಿದ ಮೇಲೆ ಪೊದೆ ಹುಡುಕೋದು ಅಂದ್ರೆ ಸಿಗಲ್ಲ, ಸ್ಟ್ಯಾಮಿನಾ ಮುಗಿದಿರತ್ತೆ. ಪೊದೆಯಿಂದ ಪೊದೆಗೆ ದಾರಿ ಹಾಕ್ಕೊಳ್ಳಿ.

ಐದನೇದು: ಕಲ್ಲು

ನೆಲದ ಮೇಲೆ ಸಣ್ಣ ಕಲ್ಲುಗಳು ಸಿಗ್ತವೆ, ಕಂಡಾಗೆಲ್ಲ ಎತ್ಕೊಳ್ಳಿ. ಇದು ಹೊಡೆಯೋಕಲ್ಲ, ಗಮನ ಬೇರೆ ಕಡೆ ಎಳೆಯೋಕೆ. ಸದ್ದಿಗೆ ಸ್ಪಂದಿಸೋ ಜಾತಿ ದಾರಿಗೆ ಅಡ್ಡ ನಿಂತಿದ್ರೆ ನೀವು ಹೋಗ್ಬೇಕಾದ ದಿಕ್ಕಿಗೆ ಎಸೀಬೇಡಿ, ಅದರ ಆಚೆ ಪಕ್ಕಕ್ಕೆ ಎಸೀರಿ, ಅದು ಆ ಕಡೆ ಹೋದಾಗ ಈ ಕಡೆಯಿಂದ ತುದಿಗಾಲಲ್ಲಿ ದಾಟಿ. ಎಲ್ಲದಕ್ಕೂ ಕಲ್ಲು ನಡೆಯತ್ತೆ ಅಂತ ನಂಬ್ಕೊಂಡು ಕೂರ್ಬೇಡಿ, ಕೆಲವಕ್ಕೆ ಕಿವಿನೇ ಇಲ್ಲ ಅನ್ನೋ ಥರ ನಿಮ್ಮ ಕಡೆನೇ ಬರ್ತವೆ.

ಆರನೇದು: ಜಿಜೋ ಮತ್ತು ನಾಣ್ಯ

ಬೀದಿ ಬದೀಲಿ, ಕೂಡುರಸ್ತೇಲಿ ಅಲ್ಲಲ್ಲಿ ಪುಟ್ಟ ಕಲ್ಲಿನ ಮೂರ್ತಿಗಳು ಕಾಣ್ತವೆ. ಅದು ಜಿಜೋ. ದಾರೀಲಿ ಬಿದ್ದಿರೋ ನಾಣ್ಯ ಎತ್ಕೊಂಡು ಬಂದು ಜಿಜೋ ಮುಂದೆ ಒಂದು ಕಾಣಿಕೆ ಹಾಕಿದ್ರೆ ಅಲ್ಲಿಗೆ ಕ್ವಿಕ್ ಸೇವ್ ಆಗತ್ತೆ, ಆಮೇಲೆ ಸತ್ರೆ ಅಲ್ಲಿಂದಾನೇ ಮುಂದುವರಿಬಹುದು. ಸತ್ತಾಗ ನೀವು ಆರಿಸ್ಕೊಂಡಿರೋ ವಸ್ತುಗಳು ಕೈ ಬಿಟ್ಟು ಹೋಗಲ್ಲ. ಹಾಗಾಗಿ ಮುಂದೆ ಏನಿದೆ ಅಂತ ಗೊತ್ತಿಲ್ಲದ ಓಣಿಗೆ ಜಿಜೋಗೆ ನಾಣ್ಯ ಹಾಕಿ ನುಗ್ಗಿ ನೋಡೋದು, ಸತ್ರೆ ಅಲ್ಲಿರೋದು ಹೇಗೆ ಬರತ್ತೆ ಅಂತ ತಿಳ್ಕೊಂಡು ಮತ್ತೆ ಹೋಗೋದು, ಇದು ತಪ್ಪಲ್ಲ, ಗೇಮ್ ಇರೋದೇ ಹಾಗೆ. ಆದ್ರೆ ಪೂರ್ತಿ ಸೇವ್ ಆಗೋದು ಮನೇಲಿ ಮಾತ್ರ, ಅದನ್ನ ಮರೀಬೇಡಿ. ಗೇಮ್ ಬಂದ್ ಮಾಡೋಕ್ ಮುಂಚೆ ಹುಡುಗಿನ ಮನೆ ಸೇರ್ಸಿ.

ನಾಣ್ಯ ಜಿಪುಣತನ ಮಾಡಿ ಕೂಡಿಡೋರು ಇರ್ತಾರೆ, ಬೇಡ. ಹೊಸ ಏರಿಯಾದ ಮೊದಲ ಜಿಜೋಗೆ ಯಾವಾಗ್ಲೂ ಹಾಕಿ. ವಾಪಸ್ ಬರೋ ದಾರೀಲಿ ಬೇಕಾದ್ರೆ ಉಳ್ಸಿ.

ಈ ಜಿಜೋ ಬಗ್ಗೆ ಒಂದೆರಡು ಮಾತು ಹೇಳ್ದೆ ಮುಂದೆ ಹೋಗೋಕೆ ನಂಗೆ ಮನಸ್ಸಿಲ್ಲ. ಇದು ನಮ್ಮ ಕಡೆಯಿಂದ್ಲೇ ಹೋದ ದೇವರು, ಬೌದ್ಧರ ಕ್ಷಿತಿಗರ್ಭ ಬೋಧಿಸತ್ವ, ಚೀನಾ ದಾಟಿ ಜಪಾನ್ ಸೇರಿ ಅಲ್ಲಿ ದಾರಿಹೋಕರಿಗೂ ಮಕ್ಕಳಿಗೂ ಕಾವಲಾಗಿ ನಿಂತ. ಚಿಕ್ಕ ವಯಸ್ಸಲ್ಲೇ ಸತ್ತ ಮಕ್ಕಳು, ಸತ್ತೋರು ದಾಟೋ ಸಾಂಜು ನದಿ ದಡದಲ್ಲಿ ಅಪ್ಪ ಅಮ್ಮಂಗೋಸ್ಕರ ಕಲ್ಲಿನ ಮೇಲೆ ಕಲ್ಲು ಪೇರಿಸ್ತಾ ಕೂರ್ತವಂತೆ, ರಾಕ್ಷಸರು ಬಂದು ಅದನ್ನ ಕೆಡವ್ತಾರಂತೆ, ಆಗ ಜಿಜೋ ಬಂದು ಆ ಮಕ್ಕಳನ್ನ ತನ್ನ ನಿಲುವಂಗಿ ಒಳಗೆ ಬಚ್ಚಿಟ್ಕೊಳ್ತಾನೆ ಅನ್ನೋ ನಂಬಿಕೆ ಅಲ್ಲಿದೆ. ಇವತ್ತಿಗೂ ಜಪಾನಿನ ರಸ್ತೆ ಬದೀಲಿ ಕೆಂಪು ಎದೆಬಟ್ಟೆ, ಕೆಂಪು ಟೋಪಿ ಹಾಕಿರೋ ಜಿಜೋಗಳು ಕಾಣಿಸೋದು ಅದಕ್ಕೇ, ಮಗು ಕಳ್ಕೊಂಡ ತಾಯಂದಿರು ತೊಡಿಸಿರ್ತಾರೆ. ಸಾಯ್ತಾನೇ ಇರೋ ಒಂದು ಮಗುಗೆ ಆಸರೆ ಕೊಡೋ ಜಾಗವಾಗಿ ಗೇಮಿನೋರು ಬೇರೆ ಏನನ್ನೂ ಇಡದೆ ಜಿಜೋನೇ ಇಟ್ಟಿದಾರೆ ಅಂದ್ರೆ ಎಷ್ಟು ಯೋಚ್ನೆ ಮಾಡಿದಾರೆ ನೋಡಿ. ಇದು ಗೊತ್ತಾದ್ ಮೇಲೆ ಆ ನಾಣ್ಯ ಹಾಕೋ ಬಟನ್ ಒತ್ತೋದೇ ಬೇರೆ ಥರ ಅನ್ಸತ್ತೆ.

ಏಳನೇದು: ದಾರಿ ತಪ್ಪಿದಾಗ

ಎಲ್ಲಿಗೆ ಹೋಗ್ಬೇಕು ಅಂತ ಗೇಮ್ ದೊಡ್ಡ ಬಾಣ ಹಾಕಿ ತೋರಿಸಲ್ಲ. ಮಗು ಕೈಬರಹದಲ್ಲಿ ಬಿಡಿಸಿದಂಗಿರೋ ಒಂದು ಮ್ಯಾಪ್ ಇದೆ, ಸುತ್ತಾಡಿದಂಗೆಲ್ಲ ತುಂಬ್ತಾ ಹೋಗತ್ತೆ. ಮನೆ, ಶಾಲೆ, ಅಂಗಡಿ ಬೀದಿ, ಗದ್ದೆ ಬಯಲು, ಈ ನಾಲ್ಕರ ದಿಕ್ಕು ಮೊದ್ಲು ತಲೇಲಿ ಇಟ್ಕೊಳ್ಳಿ, ಮಿಕ್ಕಿದ್ದು ತಾನಾಗೇ ಕೂಡ್ಕೊಳ್ಳತ್ತೆ. ಸಿಕ್ಕಾಕ್ಕೊಂಡ್ರೆ ಕೈಲಿರೋ ವಸ್ತುಗಳ ವಿವರಣೆ ತೆಗೆದು ಓದಿ, ಸುಳಿವು ಬಹಳ ಸಲ ಅಲ್ಲೇ ಇರತ್ತೆ. ಏನಾದ್ರೂ ಪರೀಕ್ಷೆ ಮಾಡೋಂಥದ್ದು ಹತ್ರ ಇದ್ರೆ ಹುಡುಗಿ ತಲೆ ಮೇಲೆ ಗುರುತು ಮೂಡತ್ತೆ, ಅದು ಕಂಡಾಗ ಬಿಟ್ಟು ಹೋಗ್ಬೇಡಿ.

ಎಂಟನೇದು: ಚೀಲ ಹೊತ್ತವನು, ಮತ್ತೆ ಶತ್ರು ಅಲ್ಲದವರು

ಗೇಮಿನ ಹೆಸರೇ ಹೊತ್ತಿರೋ ಒಂದು ಆಕೃತಿ ಇದೆ, ಯೋಮಾವಾರಿ-ಸಾನ್. ಬೆನ್ನ ಮೇಲೆ ದೊಡ್ಡ ಚೀಲ, ರಾತ್ರಿ ಹೊರಗಡೆ ಸಿಕ್ಕ ಮಕ್ಕಳನ್ನ ಅದ್ರೊಳಗೆ ಹಾಕ್ಕೊಂಡು ಹೋಗೋದೇ ಅದರ ಕೆಲಸ. ಅದು ಕಂಡ್ರೆ ಉಳಿದವುಗಳ ಥರ ಗಮನಿಸ್ತಾ ನಿಲ್ಲೋಕೆ ಹೋಗ್ಬೇಡಿ, ದೂರ ಸರೀರಿ, ಪೊದೆ ಹಿಡೀರಿ. ಜಪಾನಿನ ಬೇರೆ ಬೇರೆ ಕಡೆ ಹಿಂದೆ ಸಂಜೆ ಆದ್ಮೇಲೂ ಆಡ್ತಾ ಇರೋ ಮಕ್ಕಳಿಗೆ ಚೀಲದೋನು ಹಿಡ್ಕೊಂಡು ಹೋಗ್ತಾನೆ ಅಂತ ಹೆದರಿಸ್ತಿದ್ರು, ಚಿಕ್ಕವರಿದ್ದಾಗ ಗೋಣಿಚೀಲದೋನ ಹೆಸರು ಕೇಳಿ ಮನೆ ಒಳಗೆ ಓಡಿ ಬಂದಿರೋ ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಅಲ್ಲಿ ಮುಸ್ಸಂಜೆ ಹೊತ್ತು ಅಂದ್ರೆ ಮನುಷ್ಯರಿಗೂ ಅವಕ್ಕೂ ಎದುರುಬದುರು ಆಗೋ ಹೊತ್ತು. ಮಗು ಕಾಣೆ ಆದ್ರೆ ಕಾಮಿಕಾಕುಶಿ, ದೈವನೋ, ಟೆಂಗು ಅನ್ನೋ ಬೆಟ್ಟದ ಭೂತನೋ ಎತ್ಕೊಂಡು ಹೋಯ್ತು ಅನ್ನೋರು, ಊರೋರೆಲ್ಲ ಸೇರಿ ತಮಟೆ ಜಾಗಟೆ ಬಡೀತಾ ಹೆಸರು ಕೂಗಿ ಹುಡುಕೋರು. ಈ ಗೇಮಲ್ಲಿ ಉಲ್ಟಾ, ಕಾಣೆಯಾದ ದೊಡ್ಡವರನ್ನ ಮಗು ಒಂದೇ ಹುಡುಕ್ತಿದೆ, ಕೂಗೋ ಧೈರ್ಯನೂ ಅದಕ್ಕಿಲ್ಲ. ಚೀಲದೋನು ಬರೀ ಕೆಟ್ಟವನಾ ಅನ್ನೋದನ್ನ ಕೊನೇವರೆಗೂ ಆಡಿ ನೀವೇ ತೀರ್ಮಾನ ಮಾಡಿ.

ಇನ್ನೊಂದು ದೈತ್ಯ ಶತಪದಿ ಬರತ್ತೆ. ನೋಡಿದ ಕೂಡ್ಲೇ ಜೀವ ಬಾಯಿಗೆ ಬರತ್ತೆ, ಆದ್ರೆ ಅದು ಒಂದು ಗುಡಿಯ ದೈವ, ಮರ್ಯಾದೆ ಕೊಟ್ರೆ ಶತ್ರು ಆಗಿ ಉಳಿಯಲ್ಲ. ಜಪಾನಿ ನಂಬಿಕೇಲಿ ಶತಪದಿಗೆ ಎರಡು ಮುಖ ಇದೆ. ಬಿವಾ ಸರೋವರದ ಹತ್ರ ಮಿಕಾಮಿ ಬೆಟ್ಟ ಸುತ್ಕೊಂಡಿದ್ದ ದೈತ್ಯ ಶತಪದೀನ ತವಾರಾ ತೋದಾ ಅನ್ನೋ ವೀರ ಬಾಣದ ತುದಿಗೆ ಎಂಜಲು ಹಚ್ಚಿ ಕೊಂದ ಅನ್ನೋ ಕಥೆ ಒಂದು ಕಡೆ. ಇನ್ನೊಂದು ಕಡೆ ಅದೇ ಶತಪದಿ ಬಿಶಾಮೊನ್‌ತೆನ್ ದೇವರ ದೂತ, ಬಿಶಾಮೊನ್‌ತೆನ್ ಅಂದ್ರೆ ನಮ್ಮ ವೈಶ್ರವಣ, ಕುಬೇರ. ಹಾಗಾಗಿ ಗುಡಿ, 'ತೋರಿ' ಅನ್ನೋ ಗುಡಿ ಮುಂದಿನ ಹೆಬ್ಬಾಗಿಲು, ಮುರಿದ ಚಿಕ್ಕ ಮಂಟಪ ಇಂಥದ್ದು ಕಂಡ್ರೆ ಓಡಿಹೋಗೋಕ್ ಮುಂಚೆ ಅಲ್ಲಿ ಏನಾದ್ರೂ ಅರ್ಪಿಸೋಕೆ ಆಗತ್ತಾ ಅಂತ ನೋಡಿ. ಹೆದರಿಸೋದೆಲ್ಲ ಕೊಲ್ಲೋಕೇ ಬಂದಿಲ್ಲ.

ಕಥೆ ಮುಗಿದ ಮೇಲೆ

ಮುಖ್ಯ ಕಥೆ ದೊಡ್ಡದಲ್ಲ, ನಾಲ್ಕೈದು ರಾತ್ರಿ ಕೂತ್ರೆ ಮುಗಿಸಬಹುದು. ಮುಗಿದ ಮೇಲೂ ಊರು ಸುತ್ತಿ ಬಿಟ್ಟುಹೋದ ವಸ್ತುಗಳನ್ನ ಹುಡುಕಬಹುದು, ಮೂಲೆಗಳಲ್ಲಿ ಅಡಗಿರೋ ಎಷ್ಟೋ ದೆವ್ವಗಳು ಕಥೆ ದಾರೀಲಿ ಸಿಗೋದೇ ಇಲ್ಲ.

ಆಮೇಲೆ ಎರಡನೇದು, 'ಮಿಡ್‌ನೈಟ್ ಶಾಡೋಸ್', 2017ರದ್ದು. ಯುಯಿ, ಹಾರು ಅಂತ ಇಬ್ರು ಗೆಳತಿಯರು, ಬೇಸಿಗೆ ಪಟಾಕಿ ಉತ್ಸವದ ರಾತ್ರಿ ಬೇರೆ ಆಗ್ತಾರೆ, ಒಂದ್ಸಲ ಇವಳಾಗಿ ಒಂದ್ಸಲ ಅವಳಾಗಿ ಆಡ್ಬೇಕು. ನನ್ನ ಪ್ರಕಾರ ಮೂರರಲ್ಲಿ ಕಥೆ ದೃಷ್ಟೀಲಿ ಇದೇ ಗಟ್ಟಿ. ಆದ್ರೆ ಶುರುವಿನಲ್ಲೇ ಆತ್ಮಹತ್ಯೆಯ ದೃಶ್ಯ ಇದೆ, ಆ ವಿಷ್ಯ ಹತ್ತಿರದಿಂದ ತಟ್ಟಿರೋರು ದಯವಿಟ್ಟು ಇದನ್ನ ಬಿಟ್ಟು ನೇರ ಮೂರನೇದಕ್ಕೆ ಹೋಗಿ, ಕಥೆಗಳು ಬೇರೆ ಬೇರೆ ಇರೋದ್ರಿಂದ ಏನೂ ತೊಂದ್ರೆ ಇಲ್ಲ. ಇದ್ರಲ್ಲಿ ಕೆಂಪು ಕತ್ತರಿ ಹಿಡಿದ ಕೊತೊವಾರಿ-ಸಾಮ ಅನ್ನೋ ದೈವ ಬರತ್ತೆ, ಅದು ಎದುರಾದಾಗ ಓಟ ನಂಬ್ಕೋಬೇಡಿ, ಅದಕ್ಕೆ ಬೇಕಾಗಿರೋದು ಬೊಂಬೆ.

ಮೂರನೇದು 'ಲಾಸ್ಟ್ ಇನ್ ದ ಡಾರ್ಕ್', 2022ರಲ್ಲಿ ಬಂದಿದ್ದು. ಶಾಪಕ್ಕೆ ಸಿಕ್ಕ ಹುಡುಗಿ ಬೆಳಗಾಗೋದ್ರೊಳಗೆ ಮರೆತುಹೋದ ನೆನಪುಗಳನ್ನ ಹುಡುಕ್ಬೇಕು, ಶಾಲೇಲಿ ಉಳಿದೋರು ಅವಳನ್ನ ಕಾಡ್ಸೋದೂ ಕಥೇಲಿ ಇದೆ. ಇಲ್ಲಿ ಪೊದೆ ಹುಡುಕೋ ಕೆಲಸ ಇಲ್ಲ, ಎಲ್ಲಿ ನಿಂತಿದೀರೋ ಅಲ್ಲೇ ಕೈಯಿಂದ ಕಣ್ಣು ಮುಚ್ಕೋಬಹುದು. ಮುಚ್ಚಿದಾಗ ಸುತ್ತ ಕೆಂಪು ಮಬ್ಬು ಮಾತ್ರ ಕಾಣತ್ತೆ, ಹಾಗೇ ನಿಧಾನಕ್ಕೆ ಹೆಜ್ಜೆ ಹಾಕ್ಕೊಂಡು ದೆವ್ವದ ಪಕ್ಕದಲ್ಲೇ ದಾಟಿ ಹೋಗಬಹುದು. ಮೊದಲ ಭಾಗದಲ್ಲಿ ಪೊದೆ ಒಳಗೆ ಕೂತು ಕೆಂಪು ಬಣ್ಣ ಯಾವ ಕಡೆ ಸರೀತು ಅಂತ ಓದೋದು ಕಲ್ತಿದ್ರೆ ಇದು ಬೇಗ ಕೈ ಹಿಡಿಯತ್ತೆ, ಅದಕ್ಕೇ ಹೊಸಬರಿಗೆ ಮೂರನೇದರಿಂದ ಶುರು ಮಾಡಿ ಅಂತ ನಾನು ಹೇಳಲ್ಲ, ಮೊದಲನೇದರಿಂದಲೇ ಬನ್ನಿ.